ಮ್ಯಾಂಚೆಸ್ಟರ್‌ನ ಟಾಗ್, ದಾವಣಗೆರೆಯ ಅರಳೆ

ದಾವಣಗೆರೆಯಲ್ಲಿ ಗಾದಿ ಮಾಡಿಸುವಾಗ ಅವ್ವ ಮೊದಲು ಕೇಳುತ್ತಿದ್ದದ್ದು, "ಎಷ್ಟು ಕೆಜಿ ಅರಳೆ ಹಾಕ್ತೀಯಪ್ಪಾ?" ಅಂತ. ಆಮೇಲೆ ಒಂದು ಹಿಡಿ ಅರಳೆ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡುತ್ತಿದ್ದಳು. ಮತ್ತೆ ಅರಳಿದರೆ ಮಾತ್ರ ಒಪ್ಪಿಗೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದ ಮೊದಲ ವರ್ಷ ನಾನು ಕೊಂಡದ್ದು ಬಾತಿನ ತುಪ್ಪಳ ತುಂಬಿದ ರಜಾಯಿ. ಇಲ್ಲಿನವರು ಅದಕ್ಕೆ ಡೌನ್ ಡೂವೆ ಅನ್ನುತ್ತಾರೆ. ಚೀಟಿಯಲ್ಲಿ ದಪ್ಪಕ್ಷರದಲ್ಲಿ 800 ಫಿಲ್ ಪವರ್ ಅಂತಿತ್ತು. ಅಂಗಡಿಯವರೂ ಇದಕ್ಕಿಂತ ಒಳ್ಳೆಯದಿಲ್ಲ ಅಂದರು. ಜನವರಿ ತಿಂಗಳೆಲ್ಲ ನಡುಗಿದೆ.

ಆ 800 ಸುಳ್ಳಲ್ಲ. ಅದು ಹೇಳುವುದೇ ಬೇರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳವನ್ನು ಅಳತೆಯ ಕೊಳವೆಯೊಳಗೆ ಅರಳಲು ಬಿಟ್ಟು, ಮೇಲೆ ಹಗುರ ಬಿಲ್ಲೆ ಇಟ್ಟು, ಎಷ್ಟು ಘನ ಅಂಗುಲ ಜಾಗ ಹಿಡಿಯಿತು ಅಂತ ನೋಡುತ್ತಾರೆ. 800 ಅಂದರೆ ಸುಮಾರು 13 ಲೀಟರ್. ಒಂದು ಹಿಡಿ ತುಪ್ಪಳ ಹೆಚ್ಚುಕಡಿಮೆ ಒಂದು ಬಿಂದಿಗೆ ತುಂಬುತ್ತದೆ! ಅಷ್ಟು ಗಾಳಿ ಒಳಗೆ ಸಿಕ್ಕಿಬೀಳುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿಯೇ.

ಆದರೆ ಇದು ತುಪ್ಪಳದ ಗುಣ. ರಜಾಯಿಯೊಳಗೆ ಅದನ್ನು ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದು ಬೇರೆ ಮಾತು. ನನ್ನದರಲ್ಲಿ ಇದ್ದದ್ದು ತೀರಾ ಕಡಿಮೆ. ಅವ್ವನ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ತುಪ್ಪಳ ಎಷ್ಟು, ಕಡ್ಡಿಯಿರುವ ಗರಿ ಎಷ್ಟು ಅಂತಲೂ ನೋಡಬೇಕು. 90ಕ್ಕೆ 10 ಇದ್ದರೆ ಒಳ್ಳೆಯದು. ಗರಿ ಜಾಸ್ತಿಯಾದಷ್ಟೂ ತೂಕ ಏರುತ್ತದೆ, ಅಷ್ಟು ಅರಳುವುದಿಲ್ಲ.

ಬೆಚ್ಚಗಿನ ನಿಜವಾದ ಅಳತೆ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು: 4.5 ಟಾಗ್. ಇಲ್ಲಿ ಅದು ಬೇಸಿಗೆಗೆ. ಚಳಿಗಾಲಕ್ಕೆ 13.5 ಹೊದೆಯುತ್ತಾರೆ. ಟಾಗ್ ಇಡೀ ಹೊದಿಕೆಯನ್ನು ಅಳೆಯುತ್ತದೆ, ಬಿಸಿ ದಾಟಿ ಹೋಗದಂತೆ ಅದು ಎಷ್ಟು ತಡೆಯುತ್ತದೆ ಅಂತ. ಒಳಗೆ ತುಪ್ಪಳವೋ ಉಣ್ಣೆಯೋ, ಲೆಕ್ಕ ಒಂದೇ. 1940ರ ದಶಕದಲ್ಲಿ ಇದನ್ನು ರೂಪಿಸಿದ್ದು ಇದೇ ಮ್ಯಾಂಚೆಸ್ಟರ್‌ನ ಹತ್ತಿ ಸಂಶೋಧನಾ ಕೇಂದ್ರ, ಶರ್ಲಿ ಇನ್‌ಸ್ಟಿಟ್ಯೂಟ್. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವನಾದ ನನಗೆ ಇದು ತಿಳಿದಾಗ ತುಂಬಾ ಖುಷಿಯಾಯಿತು.

ಕೈಯಲ್ಲಿ ಒತ್ತಿ ನೋಡುವ ನಮ್ಮ ರೀತಿಯನ್ನು ನಾನು ಕಡಿಮೆ ಅನ್ನುವುದಿಲ್ಲ. ಲ್ಯಾಬಿನಲ್ಲಿ ತುಪ್ಪಳಕ್ಕೆ ಹಬೆ ಕೊಟ್ಟು, ಒಣಗಿಸಿ, ಅರಳಿಸಿ ಆಮೇಲೆ ಅಳೆಯುತ್ತಾರೆ. ಪಿಂಜಾರರು ಗಂಟುಕಟ್ಟಿದ ಹಳೇ ಅರಳೆಯನ್ನು ಬಿಲ್ಲಿನಿಂದ ಹಿಂಜಿದಾಗ ಆಗುವುದೂ ಅದೇ ಅಲ್ವಾ? ಗಾಳಿ ಮತ್ತೆ ಒಳಗೆ ಬರುತ್ತದೆ. ಆದರೆ ಕೈಯ ತಿಳಿವಳಿಕೆ ಅವ್ವನ ಜೊತೆಗೇ ಉಳಿಯುತ್ತದೆ. ದೂರದೂರಲ್ಲಿ ಕೊಳ್ಳುವವನಿಗೆ ಚೀಟಿಯೇ ಬೇಕು.

ಅದಕ್ಕೇ ಚಳ್ಳಕೆರೆಯ ಕಂಬಳಿಗೂ ಟಾಗ್ ಅಳೆದು ಬರೆಯಲಿ ಅನ್ನುತ್ತೇನೆ. ತುಪ್ಪಳ ನೆಂದರೆ ಮುದ್ದೆಯಾಗಿ ಬಿಸಿ ಕಳೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಅದು ಗೊತ್ತು. ಇಲ್ಲಿನ ಅಂಗಡಿಯಲ್ಲಿ ನಿಂತು ಚೀಟಿ ಓದುವವರಿಗೆ ಇನ್ನೂ ಗೊತ್ತಿಲ್ಲ.