ಲಕ್ಕುಂಡಿಯ ಬಾವಿ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿ

ಪುಣೆಯಲ್ಲಿ ಮಾಸ್ತರಿಕೆ ಶುರು ಮಾಡಿ 14 ವರ್ಷ ಆಯ್ತು. ಊರು ಗದಗ. ಹೋದ ಡಿಸೆಂಬರ್‌ನಲ್ಲಿ ರಜೆಗೆ ಬಂದಾಗ ನಮ್ಮ ಅಕ್ಕ ತನ್ನ ಶಾಲೆಯ ಏಳನೇ ಕ್ಲಾಸಿನ ಮಕ್ಕಳನ್ನು ಹಳೇ ಗುಡಿಗಳ ಊರು ಲಕ್ಕುಂಡಿಗೆ ಕರ್ಕೊಂಡು ಹೊರಟಿದ್ದಳು, ನಾನೂ ಬಸ್ ಹತ್ತಿದೆ. ಗದಗಿನಿಂದ 12 ಕಿಲೋಮೀಟರ್ ಅಷ್ಟೇ. ಆದರೂ 38 ಮಕ್ಕಳಲ್ಲಿ ಮುಕ್ಕಾಲು ಮಂದಿ ಆ ಗುಡಿಗಳ ಒಳಗೆ ಕಾಲಿಟ್ಟವರಲ್ಲ. ಆದರೆ ಮೈಸೂರು ಅರಮನೆ ನೋಡಿ ಬಂದವರು ಅವರಲ್ಲಿ ಇದ್ದರು.

ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಅಕ್ಕ ಭಾಷಣ ಮಾಡಲಿಲ್ಲ. ಚೀಲದಿಂದ ಒಂದು ತುಂಡು ಬಳಪ ತೆಗೆದು ಗೋಡೆ ಪಕ್ಕ ಹಿಡಿದಳು. "ಎರಡೂ ಒಂದ ಜಾತಿ ಕಲ್ಲು ನೋಡ್ರಿ. ಮೆತ್ತಗ ಐತಿ, ಅದಕ್ಕ ಇಷ್ಟು ಸಣ್ಣ ಕೆತ್ತನಿ ಮಾಡಾಕ ಬಂತು." ಮಕ್ಕಳು ಆ ಬಾಗಿಲನ್ನು ಬಿಟ್ಟು ಅಲುಗಲಿಲ್ಲ, ಅವಳೂ ನಡೀರಿ ನಡೀರಿ ಅನ್ನಲಿಲ್ಲ. ಆಮೇಲೆ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ. ಪೊನ್ನನ ಶಾಂತಿಪುರಾಣವನ್ನು ಆಕೆ ಸಾವಿರ ಪ್ರತಿ ಬರೆಸಿ ಹಂಚಿದಳು ಅಂದಾಗ ಒಬ್ಬ ಹುಡುಗ, "ಎಲ್ಲಾ ಕೈಲೇ ಬರದ್ರೇನ್ರಿ ಅಕ್ಕೋರ?" ಅಂತ ಕೇಳಿ ಸುಮ್ನೆ ತನ್ನ ಅಂಗೈ ನೋಡ್ಕೊಂಡ.

ಪುಣೆಯಲ್ಲಿ ನಾವು ಒಂದೇ ದಿನಕ್ಕೆ ಶನಿವಾರವಾಡಾ, ಕೇಳ್ಕರ್ ಮ್ಯೂಸಿಯಂ, ಆಗಾ ಖಾನ್ ಅರಮನೆ ಮೂರನ್ನೂ ಮುಗಿಸುತ್ತೇವೆ. ಪ್ರತಿ ಮಗುವಿನ ಕೈಗೂ 20 ಪ್ರಶ್ನೆಗಳ ಹಾಳೆ. ಎರಡು ವರ್ಷದ ಹಿಂದೆ ಆ ಅರಮನೆಯಲ್ಲಿರುವ ಕಸ್ತೂರಬಾ ಅವರ ಸಮಾಧಿಯ ಮುಂದೆ ನಿಂತ ನನ್ನ ವಿದ್ಯಾರ್ಥಿಯೊಬ್ಬ ಹಾಳೆಯಿಂದ ತಲೆ ಎತ್ತದೇ, "ಸರ್, 1944 ಅಂತ ಬರೆದ್ರೆ ಸಾಕಾ?" ಅಂದ. ಸಾಕು ಅಂದೆ. ಇವತ್ತಿಗೂ ಆ ಮಾತು ನನಗೆ ಚುಚ್ಚುತ್ತದೆ. ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೇ ಹಾಗೆ ಅಂದೆ.

ಆದರೆ ಪುಣೆಯಿಂದ ನಮ್ಮ ಕಡೆಯವರು ಕಲಿಯಲೇಬೇಕಾದ್ದು ಒಂದಿದೆ. ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿ, ಪಕ್ಕದ ಮುಸುಕಿನ ಬಾವಿ ನೋಡಿ ಬಸ್ ಬಿಟ್ಟ ಮೇಲೆ ಒಬ್ಬಳು ಇಲ್ಲ ಅಂತ ಗೊತ್ತಾಯಿತು. ನಾನು ಓಡಿದೆ. ಬಾವಿ ಅಂದ ಮೇಲೆ ತಲೆಯಲ್ಲಿ ಏನೇನು ಬರುತ್ತೆ ಹೇಳಿ. ಹುಡುಗಿ ಮೆಟ್ಟಿಲ ಮೇಲೆ ನೋಟ್‌ಬುಕ್ ತೊಡೆ ಮೇಲಿಟ್ಟು ಕೂತಿದ್ದಳು.

"ಯಾಕವಾ, ಇಲ್ಲೇ ಕುಂತಿ?"

"ಗೋಡ್ಯಾಗಿನ ಸಣ್ಣ ಗುಡಿ ಎಣಸಾಕತ್ತಿದ್ನಿರಿ ಸರ್. ಲೆಕ್ಕ ತಪ್ಪತ್ರಿ, ಮತ್ತ ಮೊದಲಿಂದ ಶುರು ಮಾಡಿದೆ."

ಬೈಯಲು ಬಾಯಿ ಬರಲಿಲ್ಲ. ಅವತ್ತು ಎಲ್ಲರಿಗಿಂತ ಜಾಸ್ತಿ ಆ ಜಾಗ ನೋಡಿದವಳು ಅವಳೇ ಅಲ್ವಾ? ಆದರೆ 38 ಮಕ್ಕಳಿಗೆ ಇಬ್ಬರೇ ದೊಡ್ಡವರು, ಜೊತೆಗೆ ನಾನು, ನೆಂಟ. ಬಸ್ ಬಿಡುವ ಮುಂಚೆ ಯಾರೂ ತಲೆ ಎಣಿಸಿರಲಿಲ್ಲ. ಪುಣೆಯ ನಮ್ಮ ಶಾಲೆಯಲ್ಲಿ ಹತ್ತು ಮಕ್ಕಳಿಗೆ ಒಬ್ಬರು ಟೀಚರ್, ಇಳಿಯುವಾಗ ಹತ್ತುವಾಗ ಎಣಿಕೆ, ಮನೆಯವರ ಫೋನ್ ನಂಬರಿನ ಪಟ್ಟಿ, ಔಷಧಿ ಡಬ್ಬಿ. ಇದಕ್ಕೆ ದುಡ್ಡೇನೂ ಬೇಕಾಗಿಲ್ಲ, ರೂಢಿ ಬೇಕು. ಏನೂ ಆಗಲ್ಲ ಬಿಡ್ರಿ ಅನ್ನೋ ಮಾತನ್ನು ನಮ್ಮ ಕಡೆ ಬಿಡಲೇಬೇಕು.

ಊಟದ ಹೊತ್ತೂ ನೆನಪಿದೆ. ಪುಣೆಯಲ್ಲಿ ಎಲ್ಲರಿಗೂ ಒಂದೇ ಥರದ ಡಬ್ಬಿ ಬರುತ್ತೆ, ಹತ್ತು ನಿಮಿಷದಲ್ಲಿ ಖಾಲಿ. ಇಲ್ಲಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಬುತ್ತಿ ತರದ ಇಬ್ಬರು ಹುಡುಗರಿಗೆ ಯಾರೂ ಹೇಳದೇನೇ ಎಲ್ಲ ಕಡೆಯಿಂದ ರೊಟ್ಟಿ ಬಂತು. ಅವರೇ ಹೊಟ್ಟೆ ತುಂಬ ಉಂಡಿರಬೇಕು.

ಈ ವರ್ಷ ನಮ್ಮ ಶಾಲೆಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಪುಣೆಯದೇ ಪಾತಾಳೇಶ್ವರ ಗುಹೆ ಒಂದೇ ಜಾಗ, ಅರ್ಧ ದಿನ, ಪ್ರಶ್ನೆ ಹಾಳೆ ಬೇಡ, ಬುತ್ತಿ ಮನೆಯಿಂದ. ಉತ್ತರ ಇನ್ನೂ ಬಂದಿಲ್ಲ. ಅಕ್ಕ ಮೊನ್ನೆ ಫೋನ್ ಮಾಡಿದ್ದಳು, ಒಂದು ಸೀಟಿ ತಗೊಂಡಿದ್ದಾಳಂತೆ, ಮಕ್ಕಳನ್ನು ಹತ್ತು ಹತ್ತರ ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬ ತಾಯಿಯನ್ನೂ ಒಪ್ಪಿಸಿದ್ದಾಳಂತೆ. ಮುಂದಿನ ಸಲ ಗದಗದ ಹತ್ತಿರದ ಡಂಬಳದ ಹಳೇ ಗುಡಿಗೆ.