ಪಶ್ಚಿಮಕ್ಕೆ ಬೈಯುವ ಶಿಬಿರ ನಡೆಸುವವರಿಗೆ

ಮಡಿಕೇರಿ ಸುತ್ತಿನ ಹೋಂಸ್ಟೇಗಳಿಗೆ ಹೊಸ ಬೆಳೆಯೊಂದು ಸಿಕ್ಕಿದೆ. ಕಾಫಿಗೆ ಬೆರ್ರಿ ಬೋರರ್ ಎಂಬ ಕಾಯಿಕೊರಕ ಹುಳು, ಕಾಳುಮೆಣಸಿಗೆ ಸೊರಗು ರೋಗ. ಪಾಶ್ಚಾತ್ಯ ನಾಗರಿಕತೆಯ ಖಂಡನೆಗೆ ಮಾತ್ರ ಯಾವ ರೋಗವೂ ತಗಲದು. ಎರಡು ರಾತ್ರಿ, ಮೂರು ಹಗಲು, ಊಟ ಸೇರಿ.

ಮೊದಲು ತೋಟದ ನೆರಳಲ್ಲಿ ಚಾಪೆ ಹಾಸಿ. ನೆರಳು ಸಿಲ್ವರ್ ಓಕಿನದು, ಆಸ್ಟ್ರೇಲಿಯಾ ಮೂಲದ್ದು. ಅದನ್ನು ಬಾಯಿಬಿಡಬೇಡಿ. ಹಲಸು, ಅತ್ತಿ ಇದ್ದ ಜಾಗಕ್ಕೆ ಅದು ಬಂದದ್ದೇಕೆ? ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವಾಗ ತಲೆನೋವು ಕಡಿಮೆ. ಪ್ರಕೃತಿಯನ್ನು ಸರಕೆಂದು ಕಾಣುವ ಪಶ್ಚಿಮವನ್ನು ಜರೆಯಲು ಇದಕ್ಕಿಂತ ತಂಪಾದ ಜಾಗ ಸಿಗದು.

ಬಳಿಕ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ. 'ಮಾ ಗೃಧಃ ಕಸ್ಯ ಸ್ವಿದ್ಧನಂ', ಯಾರ ಸೊತ್ತಿಗೂ ಆಸೆಪಡಬೇಡ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕ್ರಿಯಾಪದ ಮಧ್ಯಮ ಪುರುಷದ್ದು, ಅಂದರೆ ಎದುರಿಗೆ ಕೂತು ಕೇಳುವವನಿಗೇ ಹೇಳಿದ ಮಾತು. ಹಾಗಾಗಿ ಭಾಷಣಕಾರರು ತೋರುಬೆರಳನ್ನು ತಕ್ಷಣ ಲಂಡನ್ ಕಡೆ ತಿರುಗಿಸಬೇಕು. ತಡಮಾಡಿದರೆ, ದೇವರಕಾಡಿನೊಳಕ್ಕೆ ನಾಲ್ಕು ಮಾರು ಸರಿದ ಬೇಲಿಯತ್ತ ಯಾರಾದರೂ ಕಣ್ಣು ಹಾಯಿಸಿಯಾರು.

ಗಾಂಧಿಯನ್ನು ತರುವಾಗ ಹುಷಾರು. 1909ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ, ಹಡಗಿನದೇ ಕಾಗದದ ಮೇಲೆ 10 ದಿನದಲ್ಲಿ ಆಧುನಿಕ ನಾಗರಿಕತೆಯನ್ನು ಖಂಡಿಸುವ 'ಹಿಂದ್ ಸ್ವರಾಜ್' ಬರೆದರು, ಬಲಗೈ ಸೋತಾಗ ಎಡಗೈಯಲ್ಲಿ. ಇಷ್ಟು ಹೇಳಿ ಪುಸ್ತಕ ಮುಚ್ಚಿಬಿಡಿ. ಅನುಬಂಧದಲ್ಲಿ ಓದಲು ಸೂಚಿಸಿದ 20 ಕೃತಿಗಳ ಪಟ್ಟಿಯಿದೆ. ಟಾಲ್‌ಸ್ಟಾಯ್, ಥೋರೋ, ರಸ್ಕಿನ್... ಭಾರತೀಯರೆಂದರೆ ದಾದಾಭಾಯಿ ನೌರೋಜಿ, ರೊಮೇಶ್ ಚಂದ್ರ ದತ್ತ, ಇಬ್ಬರೇ. ಪಶ್ಚಿಮಕ್ಕೆ ಬೈಯುವ ಕೆಲಸವನ್ನೂ ಪಶ್ಚಿಮದವರೇ ಮಾಡಿಟ್ಟಿದ್ದಾರೆಂದು ಗೊತ್ತಾದರೆ ಶಿಬಿರಾರ್ಥಿಗಳು ದುಡ್ಡು ವಾಪಸ್ ಕೇಳುತ್ತಾರೆ. ರೈಲಿಗೆ ಬೈದ ಅಧ್ಯಾಯವನ್ನು ಮಾತ್ರ ಧೈರ್ಯವಾಗಿ ಓದಿ. ಕೊಡಗಿನಲ್ಲಿ ರೈಲೇ ಇಲ್ಲ, ಪರೀಕ್ಷೆಗೆ ಕೂರದೆಯೇ ಪಾಸು.

ಮಳೆಗಾಲದಲ್ಲಿ ಕರೆಂಟು ಕೈಕೊಡುತ್ತದೆ. ಸಿಲ್ವರ್ ಓಕಿನ ಕೊಂಬೆ ಪೆಡಸು, ಗಾಳಿಗೆ ಮುರಿದು ತಂತಿ ಮೇಲೆ ಬೀಳುತ್ತದೆ. ಯಂತ್ರನಾಗರಿಕತೆಯ ಖಂಡನೆ ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳಿಸದು, ಆದ್ದರಿಂದ ಜನರೇಟರಿಗೆ ಡೀಸೆಲ್ ಮೊದಲೇ ತುಂಬಿಸಿಡಿ. ಅದನ್ನು ಕಾಫಿ ಕಣದಾಚೆ ಇಡಿ. ಹತ್ತಿರವಿದ್ದರೆ ಧ್ಯಾನದ ಹೊತ್ತಲ್ಲಿ ಓಂಕಾರಕ್ಕೂ ಅದಕ್ಕೂ ಶ್ರುತಿ ಕೂಡಿಬಿಡುತ್ತದೆ.

ಮಧ್ಯಾಹ್ನ ಸಾತ್ವಿಕ ಊಟ. ರಾತ್ರಿ ಅಕ್ಕಿಯುಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ಅದಕ್ಕೆ ಹಾಕುವ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ, ಒಂದು ಚಮಚ ಕಡಿಮೆಯಾದರೂ ಅತಿಥಿಗಳು ದೂರುತ್ತಾರೆ. ಅದ್ವೈತ ಕಡಿಮೆಯಾಯಿತೆಂದು ಇದುವರೆಗೆ ಯಾರೂ ದೂರಿದ್ದಿಲ್ಲ.