379 ರೂಪಾಯಿಯ ಗಾಳಿ

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಒಂದು ಇಂಗ್ಲಿಷ್ ಕಾದಂಬರಿ ಓದುವ ಹುಚ್ಚು ಹತ್ತಿತು. ನನ್ನ ಹುಚ್ಚುಗಳು ನಿಮಗೆ ಗೊತ್ತಲ್ಲ. ಫೋನ್ ತೆಗೆದೆ. ಅಚ್ಚಿನ ಪುಸ್ತಕ 299 ರೂಪಾಯಿ, ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಇ-ಬುಕ್ 379! ಕಾಗದ ಇಲ್ಲ, ಶಾಯಿ ಇಲ್ಲ, ಬೈಂಡಿಂಗ್ ಇಲ್ಲ, ಗೋಡೌನಿನಲ್ಲಿ ಗೆದ್ದಲು ಹಿಡಿಯುವ ಭಯವೂ ಇಲ್ಲ. ಗಾಳಿಗೆ ಎಂಬತ್ತು ರೂಪಾಯಿ ಜಾಸ್ತಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಬೆಲೆ ಪ್ರಕಾಶಕರು ಇಟ್ಟಿದ್ದು ಅಂತ ಬೇರೆ. ಅಂಗಡಿಯವನು ಕೈ ತೊಳೆದುಕೊಂಡ.

ತೆರಿಗೆ ಅನ್ನಬೇಡಿ. ಅಚ್ಚಿನಲ್ಲೂ ಸಿಗುವ ಇ-ಬುಕ್ಕಿನ ಜಿಎಸ್‌ಟಿಯನ್ನು 2018ರಲ್ಲೇ ಶೇ. 18ರಿಂದ 5ಕ್ಕೆ ಇಳಿಸಿದರು. ಆ ಐದರ ಲೆಕ್ಕ ಇಪ್ಪತ್ತು ರೂಪಾಯಿ ದಾಟಲ್ಲ.

ಇನ್ನೆರಡು ಆಪ್ ನೋಡಿದೆ. ಅಲ್ಲೂ 379. ನನಗೆ ಉರಿದದ್ದು ಇಲ್ಲೇ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಕೊಳ್ಳುವಾಗಲೂ ಪಕ್ಕದ ಗಾಡಿಯಲ್ಲಿ ಎಷ್ಟು ಅಂತ ಕೇಳಬಹುದು. ಇಲ್ಲಿ ಮೂರು ಗಾಡಿ, ರೇಟು ಕೂಗುವವನು ಒಬ್ಬನೇ.

ಇದೆಲ್ಲ ಶುರುವಾಗಿದ್ದು 2010ರಲ್ಲಿ. ಅಮೆರಿಕದಲ್ಲಿ ಅಮೆಜಾನ್ ಹೊಸ ಇ-ಬುಕ್ಕುಗಳನ್ನು 9.99 ಡಾಲರಿಗೆ ಮಾರುತ್ತಿತ್ತು. ಆಪಲ್ ಐದು ದೊಡ್ಡ ಪ್ರಕಾಶಕರ ಜೊತೆ ಕೈ ಕುಲುಕಿತು: ಬೆಲೆ ನೀವೇ ಇಡಿ, ನಮಗೆ ಶೇ. 30 ಕಮಿಷನ್ ಕೊಡಿ. ಐಪ್ಯಾಡ್ ತೋರಿಸಿದ ದಿನ ಪತ್ರಕರ್ತರೊಬ್ಬರು, ಅಮೆಜಾನಿನಲ್ಲಿ 9.99ಕ್ಕೆ ಸಿಗುವುದಕ್ಕೆ ನಿಮಗೆ ಯಾಕೆ 14.99 ಕೊಡಬೇಕು ಅಂತ ಕೇಳಿದರು. ಎರಡೂ ಕಡೆ ಒಂದೇ ಬೆಲೆ ಇರುತ್ತದೆ ಅಂದರು ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು, ಅಷ್ಟೆ. 2013ರಲ್ಲಿ ನ್ಯಾಯಾಧೀಶೆ ಡೆನಿಸ್ ಕೋಟ್ ಇದನ್ನು ಬೆಲೆ ಏರಿಸುವ ಒಳಸಂಚು ಅಂತಲೇ ತೀರ್ಪು ಕೊಟ್ಟರು. ಆಪಲ್ ಕೊನೆಗೆ 45 ಕೋಟಿ ಡಾಲರ್ ಕಟ್ಟಿತು. ಆಮೇಲೆ? ಪ್ರಕಾಶಕರು ಈ ಸಲ ಒಬ್ಬೊಬ್ಬರಾಗಿ ಬಂದು ಅಮೆಜಾನ್ ಜೊತೆ ಅದೇ ಥರದ ಒಪ್ಪಂದ ಮಾಡಿಕೊಂಡರು. ಕೂಡಿ ಮಾಡಿದರೆ ಸಂಚು, ಬಿಡಿಬಿಡಿಯಾಗಿ ಮಾಡಿದರೆ ವ್ಯಾಪಾರ.

ಈಗ ಯಾರಾದರೂ ಫ್ರಾನ್ಸ್ ತರುತ್ತೀರಿ, ಗೊತ್ತು. ಅಲ್ಲಿ 1981ರಿಂದ ಕಾನೂನೇ ಇದೆ, ಹೊಸ ಪುಸ್ತಕಕ್ಕೆ ಪ್ರಕಾಶಕರು ಇಟ್ಟ ಬೆಲೆಯ ಮೇಲೆ ಶೇ. 5ಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವ ಹಾಗಿಲ್ಲ, ಸಣ್ಣ ಅಂಗಡಿಗಳು ಬದುಕಿವೆ ಅಂತೀರಿ. ಒಪ್ಪಿದೆ. ಆದರೆ ನನ್ನ 379ರಿಂದ ನಮ್ಮ ಯಾವ ಮೂಲೆ ಅಂಗಡಿ ಬದುಕುತ್ತೆ, ಹೇಳಿ? ಅವರು ಇ-ಬುಕ್ ಮಾರೋದೇ ಇಲ್ಲವಲ್ಲ!

ಹಾಗಂತ ನಾನೇನು ಸಾಚಾ ಅಲ್ಲ. ಹೋದ ತಿಂಗಳು ಪುಸ್ತಕದಂಗಡಿಯಲ್ಲಿ ನಿಂತು ಹತ್ತು ಪುಟ ಓದಿ, ಮುಖಪುಟದ ಫೋಟೊ ಹೊಡೆದುಕೊಂಡು, ಮನೆಗೆ ಬಂದು ಕಡಿಮೆ ಬೆಲೆಗೆ ಆನ್‌ಲೈನಿನಲ್ಲಿ ತರಿಸಿದೆ. ಅಂಗಡಿಯ ಯಜಮಾನರು ನೋಡಿಯೂ ನೋಡದ ಹಾಗೆ ಧೂಳು ಹೊಡೆಯುತ್ತಿದ್ದರು. ಆ ಮುಖ ನೆನಪಾದರೆ ಈಗಲೂ ಕಸಿವಿಸಿ.

ನಿನ್ನೆ ಕೊನೆಗೆ 299ರದ್ದೇ ಆರ್ಡರ್ ಮಾಡಿದೆ. ಶನಿವಾರ ಬರುತ್ತದಂತೆ. ಇವತ್ತಿನ್ನೂ ಮಂಗಳವಾರ.